ಸಾಲಮಾಂಕಾ: ಒಂದು ಫುಟ್‌ಬಾಲ್ ಕ್ಲಬ್ ಸತ್ತರೆ ಅದರ ಆಸ್ತಿ ಯಾರಿಗೆ, ನೆನಪು ಯಾರಿಗೆ?

2013ರ ಜೂನ್ 18ರಂದು ಸ್ಪೇನ್‌ನ ಉನಿಯೋನ್ ದೆಪೋರ್ತಿವಾ ಸಾಲಮಾಂಕಾ ಎಂಬ ಫುಟ್‌ಬಾಲ್ ಕ್ಲಬ್‌ಗೆ ಬೀಗ ಬಿತ್ತು. ಅದಕ್ಕೆ ಆಗ 90 ವರ್ಷ. ತಲೆಯ ಮೇಲಿದ್ದ ಸಾಲ ಸುಮಾರು 2.3 ಕೋಟಿ ಯೂರೋ. ಕೊನೆಯ ಪಂದ್ಯ ಆಡುವಾಗ ಅದು ಮೂರನೇ ಹಂತದ ಲೀಗ್‌ನಲ್ಲಿತ್ತು. ಈಗ ಅದೇ ಊರಲ್ಲಿ ಎರಡು ಕ್ಲಬ್‌ಗಳು ಆ ಹಳೆಯ ಕ್ಲಬ್‌ನ ನೆನಪಿನ ಮೇಲೆ ನಿಂತಿವೆ. ಒಂದು ಹಳೆಯ ಸ್ಟೇಡಿಯಂನಲ್ಲಿ ಆಡುತ್ತದೆ. ಇನ್ನೊಂದನ್ನು ಹಳೆಯ ಅಭಿಮಾನಿಗಳೇ ಸೇರಿ ಕಟ್ಟಿದ್ದಾರೆ. ನಿಜವಾದ ವಾರಸುದಾರರು ಯಾರು ಅಂತ ಕೇಳಿದರೆ ಊರು ಎರಡು ಪಾಲಾಗುತ್ತದೆ.

ದೂರದಿಂದ ನೋಡುವ ನಮಗೆ ಇದು ಗೊಂದಲವೇ. ಕ್ಲಬ್ ಅಂದರೆ ಒಂದೇ ವಸ್ತು ಅಂತ ನಾವು ಅಂದುಕೊಂಡಿರುತ್ತೇವೆ. ಸ್ಪೇನ್‌ನಲ್ಲಿ ಹಾಗಲ್ಲ. ಅಲ್ಲಿ ಒಂದು ವೃತ್ತಿಪರ ಕ್ಲಬ್ ಅಂದರೆ ಒಂದು ಕಂಪನಿ, ಲೀಗ್‌ನಲ್ಲಿ ಒಂದು ಜಾಗ, ಒಂದು ಸ್ಟೇಡಿಯಂ, ಒಂದು ಹೆಸರು ಮತ್ತು ಲಾಂಛನ, ಆಮೇಲೆ ಭಾನುವಾರ ಮೈದಾನಕ್ಕೆ ಬರುವ ಜನ. ಎಲ್ಲ ಚೆನ್ನಾಗಿರುವಾಗ ಇವೆಲ್ಲ ಒಂದೇ ಆಗಿ ಕಾಣುತ್ತವೆ. ದಿವಾಳಿಯಾದಾಗ ಮಾತ್ರ ಒಂದೊಂದೂ ಒಂದೊಂದು ದಿಕ್ಕಿಗೆ ಹೋಗುತ್ತವೆ. ಸಾಲಮಾಂಕಾದಲ್ಲಿ ಆಗಿದ್ದು ಅದೇ.

ಊರು, ಕ್ಲಬ್, ಒಳ್ಳೆಯ ದಿನಗಳು

ಸಾಲಮಾಂಕಾ ಪೋರ್ಚುಗಲ್ ಗಡಿಗೆ ಹತ್ತಿರ, ಟೋರ್ಮೆಸ್ ನದಿಯ ದಡದಲ್ಲಿದೆ. ಜಗತ್ತಿಗೆ ಅದು ಗೊತ್ತಿರುವುದು 1218ರಲ್ಲಿ ಶುರುವಾದ ವಿಶ್ವವಿದ್ಯಾಲಯದಿಂದ. ದೊಡ್ಡ ಕಾರ್ಖಾನೆಗಳ ಊರಲ್ಲ. ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ಇಷ್ಟು ಸಣ್ಣ ಊರಿನ ಕ್ಲಬ್ ರಿಯಲ್ ಮಡ್ರಿಡ್, ಬಾರ್ಸಿಲೋನಾ ಇರುವ ಲೀಗ್‌ನಲ್ಲಿ 12 ಸೀಸನ್ ಆಡಿತು ಅನ್ನುವುದು ಸಣ್ಣ ವಿಷಯವಲ್ಲ.

ಕ್ಲಬ್ ಹುಟ್ಟಿದ್ದು 1923ರಲ್ಲಿ. ಬಿಳಿ ಅಂಗಿ, ಕಪ್ಪು ಚಡ್ಡಿ. ಊರಿನವರು ಕರೆಯುತ್ತಿದ್ದದ್ದು ಬರೀ 'ಲಾ ಉನಿಯೋನ್' ಅಂತ. ಎಷ್ಟೋ ವರ್ಷ ಎಲ್ ಕಲ್ವಾರಿಯೊ ಎಂಬ ಹಳೆಯ ಮೈದಾನದಲ್ಲಿ ಆಡಿ, 1970ರಲ್ಲಿ ಊರ ಹೊರಗೆ ಕಟ್ಟಿದ ಎಲ್ಮಾಂಟಿಕೊ ಸ್ಟೇಡಿಯಂಗೆ ಹೋದರು. 17 ಸಾವಿರ ಜನ ಕೂರುವ ಜಾಗ.

ಹೊಸ ಸ್ಟೇಡಿಯಂ ಅದೃಷ್ಟ ತಂದಿತು ಅಂತಲೇ ಹೇಳಬಹುದು. ಹೊಸೆ ಲೂಯಿಸ್ ಗಾರ್ಸಿಯಾ ಟ್ರೈದ್ ಎಂಬ ಕೋಚ್ ಕೈಯಲ್ಲಿ ತಂಡ ಮೂರನೇ ಹಂತದಿಂದ ಎರಡನೆಯದಕ್ಕೆ, ಮರುವರ್ಷವೇ ಮೊದಲನೆಯದಕ್ಕೆ ಏರಿತು. 1974ರಲ್ಲಿ ಮೊದಲ ಸಲ ಪ್ರಿಮೇರಾ, ಅಂದರೆ ಮೊದಲ ಹಂತದ ಲೀಗ್. ಮೊದಲ ವರ್ಷವೇ 7ನೇ ಸ್ಥಾನ. ಗೋಲಿನಲ್ಲಿ ಅರ್ಜೆಂಟೀನಾದ ಹೋರ್ಹೆ ದಲೆಸಾಂದ್ರೊ, ಮಿಡ್‌ಫೀಲ್ಡ್‌ನಲ್ಲಿ ಸ್ವಲ್ಪ ಕಾಲ ಪೋರ್ಚುಗಲ್‌ನ ಜುವಾಂವ್ ಆಲ್ವೆಸ್. ಆಲ್ವೆಸ್ ಆಡುತ್ತಿದ್ದದ್ದು ಕಪ್ಪು ಕೈಗವಸು ಹಾಕಿಕೊಂಡು. ಅವರ ಅಜ್ಜನೂ ಆಟಗಾರ, ಅವರ ನೆನಪಿಗೆ ಅಂತ. ಸತತ 7 ವರ್ಷ ಆ ತಂಡ ಮೊದಲ ಹಂತದಲ್ಲಿ ಉಳಿಯಿತು. ಆಮೇಲೆ 1982ರಿಂದ 84, ನಂತರ 1995ರಲ್ಲಿ ಒಂದು ವರ್ಷ, ಕೊನೆಗೆ 1997ರಿಂದ 99.

1995ರ ಕಥೆ ನನಗೆ ತುಂಬಾ ಇಷ್ಟ, ಸ್ವಲ್ಪ ನಿಂತು ಹೇಳುತ್ತೇನೆ. ಆಗ ಕೋಚ್ ಆಗಿದ್ದವರು ಹುವಾನ್ಮಾ ಲಿಯೊ. ಇನ್ನೂ 30 ತುಂಬಿರಲಿಲ್ಲ. ದೊಡ್ಡ ಆಟಗಾರನಾಗಿದ್ದ ಹೆಸರೂ ಇಲ್ಲ. ಎರಡು ವರ್ಷದಲ್ಲಿ ತಂಡವನ್ನು ಮೂರನೇ ಹಂತದಿಂದ ಮೊದಲನೆಯದಕ್ಕೆ ತಂದರು. ಬಡ್ತಿಯ ಪ್ಲೇಆಫ್‌ನಲ್ಲಿ ಅಲ್ಬಸೇಟೆ ಎದುರಾಳಿ. ಮನೆಯಂಗಳದಲ್ಲೇ 0-2 ಸೋಲು. ಕಥೆ ಮುಗಿಯಿತು ಅಂತ ಯಾರಾದರೂ ಅನ್ನುತ್ತಿದ್ದರು. ಎರಡನೇ ಪಂದ್ಯದಲ್ಲಿ ಎದುರಾಳಿಯ ಮೈದಾನಕ್ಕೆ ಹೋಗಿ 5-0 ಗೆದ್ದು ಬಂದರು. 29ನೇ ವಯಸ್ಸಿನಲ್ಲಿ ಪ್ರಿಮೇರಾ ತಂಡದ ಕೋಚ್ ಆದ ಲಿಯೊ ಮುಂದೆ ಪೆಪ್ ಗಾರ್ಡಿಯೋಲಾ ಗುರು ಅಂತ ಒಪ್ಪಿಕೊಂಡ ಕೆಲವೇ ಜನರಲ್ಲಿ ಒಬ್ಬರಾದರು. ಮ್ಯಾಂಚೆಸ್ಟರ್ ಸಿಟಿಯಲ್ಲಿ ಅವರ ಸಹಾಯಕರಾಗಿಯೂ ಕೆಲಸ ಮಾಡಿದರು.

1997-98ರ ತಂಡವನ್ನೂ ಹಳಬರು ಮರೆತಿಲ್ಲ. ಪೋರ್ಚುಗಲ್‌ನ ಪೌಲೇಟಾ ಮುಂಚೂಣಿ ಆಟಗಾರ. ಹಿಂದಿನ ವರ್ಷ ಸೆಗುಂಡಾದಲ್ಲಿ, ಅಂದರೆ ಎರಡನೇ ಹಂತದ ಲೀಗ್‌ನಲ್ಲಿ, ಅತಿ ಹೆಚ್ಚು ಗೋಲು ಹೊಡೆದವರು ಅವರೇ. ಆ ಸೀಸನ್‌ನಲ್ಲಿ ವಲೆನ್ಸಿಯಾ ವಿರುದ್ಧ 6-0 ಗೆಲುವು. ಆ ವರ್ಷ ಚಾಂಪಿಯನ್ ಆದ ಬಾರ್ಸಿಲೋನಾ ಎದುರು 1-3 ಹಿಂದಿದ್ದು 4-3 ಗೆಲುವು. ಮರುವರ್ಷ ಪೌಲೇಟಾ ದೆಪೋರ್ತಿವೊ ಎಂಬ ಬೇರೆ ಕ್ಲಬ್ ಸೇರಿದರು, ಸಾಲಮಾಂಕಾ ಕೊನೆಯ ಸ್ಥಾನಕ್ಕೆ ಬಂದು ಕೆಳಗಿಳಿಯಿತು. ಮತ್ತೆ ಮೇಲೆ ಹೋಗಲೇ ಇಲ್ಲ.

ಕೆಳಗಿಳಿದರೆ ಏನಾಗುತ್ತದೆ

ಐಪಿಎಲ್‌ನಲ್ಲಿ ಒಂದು ತಂಡ ಕೊನೆಯ ಸ್ಥಾನಕ್ಕೆ ಬಂದರೂ ಮುಂದಿನ ವರ್ಷ ಅದೇ ಲೀಗ್, ಅದೇ ಟಿವಿ ದುಡ್ಡು. ಸ್ಪೇನ್‌ನಲ್ಲಿ ಹಾಗಿಲ್ಲ. ಮೇಲೆ ಪ್ರಿಮೇರಾ, ಅದರ ಕೆಳಗೆ ಸೆಗುಂಡಾ. ಇವೆರಡು ಮಾತ್ರ ವೃತ್ತಿಪರ ಲೀಗ್. 1977ರಿಂದ 2021ರವರೆಗೆ ಮೂರನೇ ಹಂತಕ್ಕೆ ಸೆಗುಂಡಾ ಬಿ ಅಂತ ಹೆಸರು. ಅದರ ಕೆಳಗೆ ತೆರ್ಸೇರಾ, ಇನ್ನೂ ಕೆಳಗೆ ಪ್ರಾದೇಶಿಕ ಮತ್ತು ಜಿಲ್ಲಾ ಮಟ್ಟದ ಲೀಗ್‌ಗಳು. ಕೊನೆಯ ಸ್ಥಾನಗಳಲ್ಲಿದ್ದವರು ಇಳಿಯುತ್ತಾರೆ, ಮೇಲಿನ ಸ್ಥಾನಗಳಲ್ಲಿದ್ದವರು ಏರುತ್ತಾರೆ.

ಮೊದಲ ಎರಡು ಹಂತ ಮತ್ತು ಮೂರನೆಯದರ ನಡುವೆ ಇರುವುದು ಮೆಟ್ಟಿಲಲ್ಲ, ಕಂದಕ. ಸೆಗುಂಡಾ ಬಿಯಲ್ಲಿ ನಾಲ್ಕು ಗುಂಪು, ಸಾಮಾನ್ಯವಾಗಿ 80 ತಂಡ. ವರ್ಷಕ್ಕೆ ಮೇಲೇರುವುದು ನಾಲ್ಕೇ ನಾಲ್ಕು. ಟಿವಿ ದುಡ್ಡು ಇಲ್ಲವೇ ಇಲ್ಲ ಅನ್ನಬಹುದು. ಟಿಕೆಟ್, ಊರಿನ ಪ್ರಾಯೋಜಕರು, ನಗರಸಭೆಯ ಸಹಾಯ ಇಷ್ಟರಲ್ಲೇ ನಡೆಯಬೇಕು. ಮೇಲಿದ್ದಾಗ ಮಾಡಿದ ಒಪ್ಪಂದಗಳು, ಹಳೆಯ ತೆರಿಗೆ ಬಾಕಿ, ಸ್ಟೇಡಿಯಂ ಖರ್ಚು ಮಾತ್ರ ಜೊತೆಗೇ ಬರುತ್ತವೆ. ಸಾಲಮಾಂಕಾ 2005ರಲ್ಲಿ ಈ ಕಂದಕಕ್ಕೆ ಬಿದ್ದು ಒಂದೇ ವರ್ಷದಲ್ಲಿ ಮೇಲೆ ಬಂತು. 2011ರಲ್ಲಿ ಮತ್ತೆ ಬಿತ್ತು.

ಅದಕ್ಕೂ ಕೆಲವು ತಿಂಗಳ ಮುಂಚೆ, 2010ರ ಅಕ್ಟೋಬರ್‌ನಲ್ಲಿ, ಎಲ್ಮಾಂಟಿಕೊದಲ್ಲಿ ಬೆಟಿಸ್ ವಿರುದ್ಧದ ಪಂದ್ಯದ ಮಧ್ಯೆ ಮಿಗೆಲ್ ಗಾರ್ಸಿಯಾ ಎಂಬ ಆಟಗಾರ ಹೃದಯ ನಿಂತು ಕುಸಿದರು. ಮೈದಾನದಲ್ಲೇ ಡಿಫಿಬ್ರಿಲೇಟರ್ ಬಳಸಿ ಅವರನ್ನು ಬದುಕಿಸಿದರು. ಆಟ ಬಿಡಬೇಕಾಯಿತು, ಜೀವ ಉಳಿಯಿತು. ಆ ಸ್ಟೇಡಿಯಂ ಕಂಡ ಅತ್ಯಂತ ದೊಡ್ಡ ಗೆಲುವು ಅದೇ ಅಂತ ನನಗೆ ಅನ್ನಿಸುತ್ತದೆ.

ಸದಸ್ಯರಿಂದ ಷೇರುದಾರರಿಗೆ

ಕಥೆಯ ಗಂಟು ಇರುವುದು 1990ರ ಕಾನೂನಿನಲ್ಲಿ. ಅದಕ್ಕಿಂತ ಮುಂಚೆ ಸ್ಪೇನ್‌ನ ಕ್ಲಬ್‌ಗಳು ಸಂಘಗಳಾಗಿದ್ದವು. ವರ್ಷಕ್ಕಿಷ್ಟು ಅಂತ ಚಂದಾ ಕಟ್ಟುವ ಸದಸ್ಯರು ಅಧ್ಯಕ್ಷರನ್ನು ಆರಿಸುತ್ತಿದ್ದರು. ಚುನಾವಣೆ ಗೆಲ್ಲೋಕೆ ದೊಡ್ಡ ಆಟಗಾರರನ್ನು ತರುತ್ತೇನೆ ಅಂತ ಮಾತು ಕೊಡುವುದು, ಆಮೇಲೆ ಸಾಲ ಮಾಡುವುದು ರೂಢಿಯಾಗಿತ್ತು. ಸಾಲಕ್ಕೆ ಹೊಣೆ ಯಾರು ಅಂತ ಮಾತ್ರ ಸರಿಯಾದ ಉತ್ತರ ಇರಲಿಲ್ಲ. 80ರ ದಶಕದಲ್ಲಿ ಸಾಲ ಬೆಟ್ಟದಷ್ಟಾಯಿತು.

ಹಾಗಾಗಿ 1990ರ ಕ್ರೀಡಾ ಕಾನೂನು ಒಂದು ಹೊಸ ರೂಪ ತಂದಿತು: 'ಸೊಸಿಯೆದಾದ್ ಅನೋನಿಮಾ ದೆಪೋರ್ತಿವಾ', ಅಂದರೆ ಕ್ರೀಡಾ ಷೇರು ಕಂಪನಿ. ಮೊದಲ ಎರಡು ಹಂತದಲ್ಲಿ ಆಡಬೇಕೆಂದರೆ ಕಂಪನಿಯಾಗಲೇಬೇಕು. ಲೆಕ್ಕ ಸರಿಯಾಗಿಟ್ಟುಕೊಂಡಿದ್ದ ನಾಲ್ಕು ಕ್ಲಬ್‌ಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು: ರಿಯಲ್ ಮಡ್ರಿಡ್, ಬಾರ್ಸಿಲೋನಾ, ಬಿಲ್ಬಾವೊದ ಅಥ್ಲೆಟಿಕ್, ಪಾಂಪ್ಲೋನಾದ ಒಸಸೂನಾ. ಇವತ್ತಿಗೂ ಅವು ಸದಸ್ಯರ ಕ್ಲಬ್‌ಗಳೇ.

ಉದ್ದೇಶ ಒಳ್ಳೆಯದೇ. ಷೇರು ಹಾಕಿದವರು ಹೊಣೆ ಹೊರಲಿ, ಲೆಕ್ಕಪತ್ರ ಪಾರದರ್ಶಕವಾಗಲಿ ಅಂತ. ಆದರೆ ಸಾಲ ಮಾಡುವ ಚಾಳಿ ನಿಲ್ಲಲಿಲ್ಲ, ಬದಲಾಗಿದ್ದು ಒಡೆತನ. ಸಣ್ಣ ಊರುಗಳಲ್ಲಿ ಷೇರುಗಳು ಒಬ್ಬಿಬ್ಬರು ಉದ್ಯಮಿಗಳ ಕೈಗೆ ಹೋದವು. ಅವರು ದುಡ್ಡು ಹಾಕುವವರೆಗೆ ಕ್ಲಬ್ ನಡೆಯಿತು. ಅವರು ಹಿಂದೆ ಸರಿದರೆ ಮತ್ತೊಬ್ಬರನ್ನು ಹುಡುಕಬೇಕು. ಅಪ್ಪನ ಕಾಲದಿಂದ ಚಂದಾ ಕಟ್ಟುತ್ತಿದ್ದ ಸದಸ್ಯ ಈಗ ಬರೀ ಸೀಸನ್ ಟಿಕೆಟ್ ಕೊಳ್ಳುವ ಗಿರಾಕಿ. ಅವನಿಗೆ ಮತ ಇಲ್ಲ.

ನಿಯಮ ಎಷ್ಟು ಗಟ್ಟಿ ಅಂತ 1995ರ ಆಗಸ್ಟ್‌ನಲ್ಲೇ ಪರೀಕ್ಷೆಯಾಯಿತು. ಸೆವಿಯಾ ಮತ್ತು ಸೆಲ್ತಾ ಕ್ಲಬ್‌ಗಳು ಲೀಗ್ ಕೇಳಿದ ಬ್ಯಾಂಕ್ ಗ್ಯಾರಂಟಿ ಸಮಯಕ್ಕೆ ಕೊಡಲಿಲ್ಲ. ಎರಡನ್ನೂ ನೇರ ಸೆಗುಂಡಾ ಬಿಗೆ ಇಳಿಸಿದರು. ಅವುಗಳ ಜಾಗಕ್ಕೆ ಕೆಳಗಿಳಿಯಬೇಕಿದ್ದ ಅಲ್ಬಸೇಟೆ ಮತ್ತು ವಯ್ಯಾದೊಲಿದ್ ಬಂದವು. ಸೆವಿಯಾ, ವಿಗೊ ಊರುಗಳಲ್ಲಿ ಜನ ಬೀದಿಗಿಳಿದರು. ಎರಡು ವಾರದಲ್ಲಿ ಲೀಗ್ ಮಣಿಯಿತು. ಎಲ್ಲರನ್ನೂ ಸೇರಿಸಿ 22 ತಂಡಗಳ ಪ್ರಿಮೇರಾ ಮಾಡಿತು. ಸಾಲಮಾಂಕಾದ ಹತ್ತಿರ 5-0 ಸೋತ ಅಲ್ಬಸೇಟೆ ಹೀಗೆ ಮತ್ತೆ ಸಾಲಮಾಂಕಾ ಜೊತೆಗೇ ಅದೇ ಲೀಗ್‌ನಲ್ಲಿ ಆಡಿತು. ಸಾಲದ ವಿಷಯದಲ್ಲಿ ದೊಡ್ಡ ಊರಿಗೆ ಒಂದು ದಾರಿ ಯಾವಾಗಲೂ ಸಿಗುತ್ತದೆ. 18 ವರ್ಷದ ನಂತರ ಸಾಲಮಾಂಕಾಗೆ ಅಂಥ ದಾರಿ ಸಿಗಲಿಲ್ಲ. ಅದು ನನಗೆ ಇನ್ನೂ ಕೊರೆಯುವ ವಿಷಯ.

ದಿವಾಳಿ ಅನ್ನುವ ಗುರಾಣಿ

ಇನ್ನೊಂದು ಕೊಂಡಿ ಅರ್ಥ ಮಾಡಿಕೊಳ್ಳಬೇಕು. 2003ರಲ್ಲಿ ಸ್ಪೇನ್ ಹೊಸ ದಿವಾಳಿ ಕಾನೂನು ಮಾಡಿ, 2004ರಿಂದ ಜಾರಿಗೆ ತಂದಿತು. ಸಾಲ ತೀರಿಸಲಾಗದ ಕಂಪನಿ ಕೋರ್ಟಿಗೆ ಹೋಗಬಹುದು. ನ್ಯಾಯಾಧೀಶರು ಆಡಳಿತಗಾರರನ್ನು ನೇಮಿಸುತ್ತಾರೆ. ಸಾಲ ಕೊಟ್ಟವರ ಜೊತೆ ಮಾತುಕತೆ ನಡೆಸಿ ಇಷ್ಟು ಕಡಿತ, ಇಷ್ಟು ವರ್ಷದ ಗಡುವು ಅಂತ ಒಪ್ಪಂದ ಮಾಡಿಕೊಳ್ಳುತ್ತಾರೆ. ಒಪ್ಪಂದ ಆಗದಿದ್ದರೆ, ಆದರೂ ನಡೆಯದಿದ್ದರೆ, ಕಂಪನಿಯನ್ನು ಮುಚ್ಚಿ ಆಸ್ತಿ ಹರಾಜು ಹಾಕುತ್ತಾರೆ.

ಫುಟ್‌ಬಾಲ್‌ನಲ್ಲಿ ಇದಕ್ಕೆ ಬೇರೆಯದೇ ಉಪಯೋಗ ಹುಟ್ಟಿತು. ಆಟಗಾರರಿಗೆ ಸಂಬಳ ಕೊಡದ ಕ್ಲಬ್‌ನ್ನು ಬೇಸಿಗೆಯಲ್ಲಿ ಒಂದು ಹಂತ ಕೆಳಗಿಳಿಸಬೇಕು ಅಂತ ಸ್ಪೇನ್‌ನ ಫುಟ್‌ಬಾಲ್ ಫೆಡರೇಶನ್ ನಿಯಮ ಇತ್ತು. ಆದರೆ ದಿವಾಳಿ ಪ್ರಕ್ರಿಯೆಯಲ್ಲಿರುವ ಕ್ಲಬ್‌ಗಳು ಕೋರ್ಟಿನಿಂದ ತಡೆಯಾಜ್ಞೆ ತಂದವು. ಹಿಂಬಡ್ತಿಯಾದರೆ ಕಂಪನಿಯ ಮೌಲ್ಯವೇ ಹೋಗುತ್ತದೆ, ಸಾಲ ಕೊಟ್ಟವರಿಗೆ ನಷ್ಟ ಅನ್ನುವ ವಾದ. ಒಂದಾದ ಮೇಲೊಂದು ಕ್ಲಬ್ ಈ ಗುರಾಣಿ ಹಿಡಿದವು. 2011ರ ಕೊನೆಯಲ್ಲಿ ಕಾನೂನು ತಿದ್ದಿದರು. ದಿವಾಳಿ ಪ್ರಕ್ರಿಯೆ ಕ್ರೀಡಾ ನಿಯಮಗಳನ್ನು ತಡೆಯುವುದಿಲ್ಲ ಅಂತ ಸ್ಪಷ್ಟವಾಗಿ ಬರೆದರು. 2012ರಲ್ಲಿ ಕ್ಲಬ್‌ಗಳು ಸರ್ಕಾರಕ್ಕೆ ಕೊಡಬೇಕಿದ್ದ ತೆರಿಗೆ ಬಾಕಿ ಸುಮಾರು 75 ಕೋಟಿ ಯೂರೋ ಅಂತ ಸರ್ಕಾರವೇ ಹೇಳಿತು. 2008ರಲ್ಲಿ ಮನೆ ಕಟ್ಟುವ ಉದ್ಯಮ ಕುಸಿದು ಊರಿನ ಪ್ರಾಯೋಜಕರೂ ಕೈ ಖಾಲಿ ಮಾಡಿಕೊಂಡಿದ್ದ ಕಾಲ ಅದು. ಬೇರೆ ಬೇರೆ ಕಾಲಕ್ಕೆ ಮೆರಿದಾ, ಲೊಗ್ರೋನ್ಯೆಸ್, ಯೇದಾದಂಥ ಊರುಗಳ ಹಳೆಯ ಕ್ಲಬ್‌ಗಳು ಹೀಗೇ ಸಾಲದಲ್ಲಿ ಮುಳುಗಿದವು.

ಸಾಲಮಾಂಕಾ ದಿವಾಳಿ ಪ್ರಕ್ರಿಯೆಗೆ ಹೋದದ್ದು ಇದೇ ಹೊತ್ತಿಗೆ. ಸೆಗುಂಡಾ ಬಿಯ ಆದಾಯದಲ್ಲಿ 2.3 ಕೋಟಿ ಯೂರೋ ಸಾಲ ತೀರಿಸುವುದು ಯಾರಿಂದಲೂ ಆಗದ ಮಾತು. ಸಾಲ ಹೊತ್ತುಕೊಂಡು ಕ್ಲಬ್ ಕೊಳ್ಳುವವರು ಬರಲಿಲ್ಲ. 2013ರ ಜೂನ್‌ನಲ್ಲಿ ಮುಚ್ಚುವ ತೀರ್ಮಾನವಾಯಿತು.

ಹರಿದು ಹಂಚಿದ ಪಾಲು

ಇಲ್ಲಿಂದ ಮುಂದೆ ಒಂದೊಂದು ತುಂಡನ್ನೂ ಬೇರೆ ಬೇರೆ ಹಿಂಬಾಲಿಸಬೇಕು.

ಮೊದಲು ಲೀಗ್‌ನ ಜಾಗ. ಇದಕ್ಕೆ ಬೆಲೆ ಜಾಸ್ತಿ. ಕೆಳಗಿನಿಂದ ಹೊಸದಾಗಿ ಶುರು ಮಾಡಿದರೆ ಸೆಗುಂಡಾ ಬಿ ತಲುಪೋಕೆ ವರ್ಷಗಳು ಬೇಕು. ಸಾಲಮಾಂಕಾ ಅಥ್ಲೆಟಿಕ್ ಕ್ಲಬ್ ಎಂಬ ಹೊಸ ಸಂಸ್ಥೆ ಹಳೆಯ ಕ್ಲಬ್‌ನ ಕ್ರೀಡಾ ಹಕ್ಕುಗಳನ್ನು ಪಡೆದು ಅದೇ ಜಾಗದಲ್ಲಿ ಆಡಲು ನೋಡಿತು. ಫೆಡರೇಶನ್ ಒಪ್ಪಲಿಲ್ಲ. ಸಾಲ ತೀರಿಸದೆ ಜಾಗ ಮಾತ್ರ ಎತ್ತಿಕೊಂಡು ಹೋಗುವುದಕ್ಕೆ ಬಿಟ್ಟರೆ ಸಂಬಳ ಸಿಗದ ಆಟಗಾರರ ಗತಿ ಏನು ಅನ್ನುವ ಪ್ರಶ್ನೆ ಅಲ್ಲಿತ್ತು. ವಿಷಯ ಕೋರ್ಟಿಗೆ ಹೋಯಿತು. ಕೊನೆಗೆ ಆ ತಂಡ ಸೆಗುಂಡಾ ಬಿಯಲ್ಲಿ ಆಡಲೇ ಇಲ್ಲ. ಜಾಗ ಯಾರ ಕೈಗೂ ಸಿಗದೆ ಹೋಯಿತು.

ಜಾಗ ಮಾರಿದ ಉದಾಹರಣೆ ಅದಕ್ಕೂ ಮುಂಚೆ ಇತ್ತು. 1999ರಲ್ಲಿ ಹುಟ್ಟಿದ ಸಿಯುದಾದ್ ದೆ ಮುರ್ಸಿಯಾ ಎಂಬ ಕ್ಲಬ್ ಕೆಲವೇ ವರ್ಷದಲ್ಲಿ ಸೆಗುಂಡಾಗೆ ಏರಿತ್ತು. 2007ರಲ್ಲಿ ಗ್ರನಾಡಾದ ಉದ್ಯಮಿಯೊಬ್ಬರು ಅದನ್ನು ಕೊಂಡು, ತಂಡವನ್ನೇ ತಮ್ಮ ಊರಿಗೆ ಒಯ್ದು ಗ್ರನಾಡಾ 74 ಅಂತ ಹೆಸರಿಟ್ಟರು. ಫುಟ್‌ಬಾಲ್ ಸಂಸ್ಥೆಗಳು ವಿರೋಧಿಸಿದರೂ ಅದು ಸೆಗುಂಡಾದಲ್ಲಿ ಆಡಿತು, ಅದೇ ವರ್ಷ ಕೆಳಗಿಳಿಯಿತು. ಎರಡು ವರ್ಷದಲ್ಲಿ ಎಲ್ಲ ಮುಗಿಯಿತು. ಮುರ್ಸಿಯಾದ ಅಭಿಮಾನಿಗಳು 2010ರಲ್ಲಿ ತಾವೇ ದುಡ್ಡು ಹಾಕಿ ಅದೇ ಹೆಸರಿನ ಹೊಸ ಕ್ಲಬ್ ಕಟ್ಟಿ, ತಳದಿಂದ ಶುರು ಮಾಡಿದರು. ಜಾಗ ಕೊಂಡುಕೊಳ್ಳಬಹುದು, ಜನ ಅದರ ಹಿಂದೆ ಗಾಡಿ ಹತ್ತಿ ಹೋಗುವುದಿಲ್ಲ.

ಎರಡನೆಯದು ಸ್ಟೇಡಿಯಂ ಮತ್ತು ಹೆಸರು. ಇಲ್ಲಿ ಒಂದು ಜಾಣ ದಾರಿ ಬಳಕೆಯಾಯಿತು. ಹಳೆಯ ಕ್ಲಬ್‌ಗೆ ಸಾಲ್ಮಾಂಟಿನೊ ಅಂತ ಒಂದು ಕಿರಿಯರ ತಂಡ ಇತ್ತು. ಸ್ಪೇನ್‌ಗೆ ವಿಶ್ವಕಪ್ ಗೆದ್ದುಕೊಟ್ಟ ಕೋಚ್ ವಿಸೆಂತೆ ದೆಲ್ ಬೊಸ್ಕೆ ಇದೇ ಊರಿನವರು, ರಿಯಲ್ ಮಡ್ರಿಡ್ ಸೇರುವ ಮುಂಚೆ ಸಾಲ್ಮಾಂಟಿನೊದಲ್ಲೇ ಆಡಿದ್ದವರು. ಮೆಕ್ಸಿಕೊದ ಉದ್ಯಮಿ ರಿಕಾರ್ದೊ ಲೊವಾತೊ ಈ ಸಾಲ್ಮಾಂಟಿನೊವನ್ನು ಕೈಗೆ ತೆಗೆದುಕೊಂಡರು. ಹಂತ ಹಂತವಾಗಿ ಅದರ ಹೆಸರು ಬದಲಾಗಿ ಸಾಲಮಾಂಕಾ ಸಿಎಫ್ ಯುಡಿಎಸ್ ಆಯಿತು. ಯುಡಿಎಸ್ ಅಂದರೆ ಹಳೆಯ ಕ್ಲಬ್‌ನ ಹೆಸರಿನ ಮೊದಲ ಅಕ್ಷರಗಳು. ಅದು ಆಡುವುದು ಎಲ್ಮಾಂಟಿಕೊದಲ್ಲಿ. ಹಳೆಯ ಕ್ಲಬ್‌ನ ಮುಂದುವರಿಕೆ ತಾನೇ ಅನ್ನುವುದು ಅದರ ನಿಲುವು.

ಇದೂ ಹೊಸದೇನಲ್ಲ. 1992ರಲ್ಲಿ ಮಾಲಗಾ ಕ್ಲಬ್ ಮುಚ್ಚಿದಾಗ ಅದರ ಕಿರಿಯರ ತಂಡ ಅತ್ಲೆಟಿಕೊ ಮಾಲಗೇನ್ಯೊ ಬೇರೆಯಾಗಿ ನೋಂದಣಿಯಾಗಿದ್ದರಿಂದ ಬದುಕಿ ಉಳಿಯಿತು. 1994ರಲ್ಲಿ ಅದೇ ಮಾಲಗಾ ಸಿಎಫ್ ಅಂತ ಹೆಸರು ಬದಲಿಸಿಕೊಂಡಿತು. ಇವತ್ತು ನಾವು ನೋಡುವ ಮಾಲಗಾ ಕಾನೂನಿನ ಪ್ರಕಾರ ಆ ಕಿರಿಯರ ತಂಡ. ಆ ಊರಲ್ಲಿ ಅದನ್ನು ಎಲ್ಲರೂ ತಮ್ಮದು ಅಂತ ಒಪ್ಪಿಕೊಂಡರು. ಸಾಲಮಾಂಕಾದಲ್ಲಿ ಆ ಒಪ್ಪಿಗೆ ಸಿಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು.

ಮೂರನೆಯದು ಜನ. 2013ರ ಆಗಸ್ಟ್ 26ರಂದು ಹಳೆಯ ಕ್ಲಬ್‌ನ ಅಭಿಮಾನಿಗಳು ಸೇರಿ ಯೂನಿಯನಿಸ್ತಾಸ್ ದೆ ಸಾಲಮಾಂಕಾ ಕಟ್ಟಿದರು. ಒಬ್ಬ ಸದಸ್ಯನಿಗೆ ಒಂದು ಮತ, ಎಷ್ಟು ದುಡ್ಡು ಹಾಕಿದರೂ ಅಷ್ಟೇ. ಯಾರೂ ಮಾಲೀಕರಲ್ಲ. ಇವರ ನಿಲುವು ಸಾಲಮಾಂಕಾ ಸಿಎಫ್ ಯುಡಿಎಸ್ ನಿಲುವಿಗೆ ಪೂರ್ತಿ ಉಲ್ಟಾ. ಲಾ ಉನಿಯೋನ್ ಸತ್ತಿದೆ, ನಾವು ಅದಲ್ಲ, ಅದರ ನೆನಪಿಗೆ ಕಟ್ಟಿದ ಹೊಸ ಕ್ಲಬ್ ಅನ್ನುತ್ತಾರೆ. ಹಳೆಯ ದಾಖಲೆಗಳನ್ನು, 12 ಪ್ರಿಮೇರಾ ಸೀಸನ್‌ಗಳನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ನನ್ನ ಮನಸ್ಸು ಇವರ ಕಡೆಗೇ. ಸತ್ತವರ ಹೆಸರಿನಲ್ಲಿ ಸಹಿ ಹಾಕುವುದಕ್ಕಿಂತ ಅವರ ಹೆಸರಿಗೆ ಗೌರವ ಕೊಟ್ಟು ಸ್ವಂತ ಹೆಸರಿನಲ್ಲಿ ಬದುಕುವುದು ಪ್ರಾಮಾಣಿಕ ಅನ್ನಿಸುತ್ತದೆ. ಹಾಗಂತ ಎಲ್ಮಾಂಟಿಕೊಗೆ ಹೋಗಿ ಬಿಳಿ ಅಂಗಿಯ ತಂಡಕ್ಕೆ ಕೂಗುವವರ ಪ್ರೀತಿ ಸುಳ್ಳು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ತಾವು ಚಿಕ್ಕಂದಿನಲ್ಲಿ ಕೂತ ಅದೇ ಮೆಟ್ಟಿಲಲ್ಲಿ ಕೂರಬೇಕು ಅನ್ನೋದು ಸಣ್ಣ ಆಸೆಯಲ್ಲ.

ತಳದಿಂದ ಮತ್ತೆ

ಯೂನಿಯನಿಸ್ತಾಸ್ 2014ರಲ್ಲಿ ಜಿಲ್ಲಾ ಮಟ್ಟದ ಲೀಗ್‌ನಿಂದ ಆಟ ಶುರು ಮಾಡಿತು. 2015ರಲ್ಲಿ ಬಡ್ತಿ, 2016ರಲ್ಲಿ ಮತ್ತೆ ಬಡ್ತಿ, 2018ರಲ್ಲಿ ಸೆಗುಂಡಾ ಬಿ. ಅದೇ ವರ್ಷ ಲೊವಾತೊ ಅವರ ಕ್ಲಬ್ ಕೂಡ ಸೆಗುಂಡಾ ಬಿಗೆ ಏರಿತು. ಐದು ವರ್ಷದ ಹಿಂದೆ ಒಂದು ಕ್ಲಬ್ ಕಳೆದುಕೊಂಡ ಹಂತದಲ್ಲೇ ಈಗ ಒಂದೇ ಊರಿನ ಎರಡು ತಂಡ ಎದುರಾಬದುರಾದವು.

ಆಗ ಯೂನಿಯನಿಸ್ತಾಸ್ ಆಡುತ್ತಿದ್ದ ಮೈದಾನದ ಹೆಸರು ಲಾಸ್ ಪಿಸ್ತಾಸ್. ಓಟದ ಟ್ರ್ಯಾಕ್ ಇರುವ ಸಣ್ಣ ಮೈದಾನ, ಎಲ್ಮಾಂಟಿಕೊ ಪಕ್ಕದಲ್ಲೇ. ದೊಡ್ಡ ಸ್ಟೇಡಿಯಂ ಗೋಡೆಯಾಚೆ ಕಾಣುತ್ತಿರುತ್ತದೆ. 2020ರ ಜನವರಿ 22ರಂದು ಸ್ಪೇನ್‌ನ ರಾಜರ ಕಪ್‌ನಲ್ಲಿ ಅಲ್ಲಿಗೆ ಬಂದವರು ರಿಯಲ್ ಮಡ್ರಿಡ್. ಗ್ಯಾರೆತ್ ಬೇಲ್ ಗೋಲು ಹೊಡೆದರು. ಎರಡನೇ ಅವಧಿಯಲ್ಲಿ ಅಲ್ವಾರೊ ರೊಮೆರೊ ಸಮ ಮಾಡಿದಾಗ ಆ ಸಣ್ಣ ಮೈದಾನ ಹೇಗಿತ್ತು ಅಂತ ವಿಡಿಯೋ ಹುಡುಕಿ ನೋಡಿ. ಕೊನೆಗೆ 1-3 ಸೋಲು. ಅದೇ ವರ್ಷ ಕ್ಲಬ್ ರೈನಾ ಸೋಫಿಯಾ ಎಂಬ ಮೈದಾನಕ್ಕೆ ಹೋಯಿತು.

2024ರ ಜನವರಿಯಲ್ಲಿ ಪ್ರಿಮೇರಾ ತಂಡ ವಿಯ್ಯಾರಿಯಲ್ ಅಲ್ಲಿಗೆ ಬಂತು. ಆಟದ ನಡುವೆ ಲೈಟ್ ಹೋಗಿ ಪಂದ್ಯವನ್ನು ಮರುದಿನ ಮುಗಿಸಬೇಕಾಯಿತು. 1-1 ಸಮ, ಪೆನಾಲ್ಟಿಯಲ್ಲಿ 7-6 ಯೂನಿಯನಿಸ್ತಾಸ್‌ಗೆ. ಮುಂದಿನ ಸುತ್ತಿನಲ್ಲಿ ಬಾರ್ಸಿಲೋನಾ. ಮೊದಲ ಗೋಲು ಯೂನಿಯನಿಸ್ತಾಸ್‌ನದ್ದೇ, ಕೊನೆಗೆ ಮತ್ತೆ 1-3.

ಒಂದು ಸಮಸ್ಯೆ ಮಾತ್ರ ಈ ಕ್ಲಬ್‌ನ ತಲೆಯ ಮೇಲೆ ತೂಗುತ್ತಿತ್ತು. ಗೆದ್ದು ಗೆದ್ದು ಒಂದು ದಿನ ಸೆಗುಂಡಾಗೆ ಏರಿದರೆ 1990ರ ಕಾನೂನಿನಂತೆ ಕಂಪನಿಯಾಗಲೇಬೇಕು. ಹಾಗಾದರೆ ಒಬ್ಬರಿಗೊಂದು ಮತ ಎಂಬ ತತ್ವ ಅಲ್ಲಿಗೇ ಮುಗಿಯಿತು. ಆಟಗಾರರು ಬಡ್ತಿಗಾಗಿ ಓಡುತ್ತಿದ್ದರೆ ಬಡ್ತಿಯೇ ಕ್ಲಬ್‌ನ ಸ್ವರೂಪ ಕಸಿಯುವ ಸ್ಥಿತಿ. 2022ರ ಡಿಸೆಂಬರ್ 30ರಂದು ಸ್ಪೇನ್ ಹೊಸ ಕ್ರೀಡಾ ಕಾನೂನು ತಂದಿತು. ಅದರಲ್ಲಿ ಕಂಪನಿಯಾಗಲೇಬೇಕು ಅನ್ನುವ ಕಡ್ಡಾಯ ತೆಗೆದುಹಾಕಿದ್ದಾರೆ. ಹಾಗಾಗಿ ಯೂನಿಯನಿಸ್ತಾಸ್ ಮುಂದೆ ಸೆಗುಂಡಾಗೆ ಏರಿದರೂ ಸದಸ್ಯರ ಕ್ಲಬ್ ಆಗಿಯೇ ಆಡಬಹುದು.